ಇನ್‌ಫ್ಲೋ, ಇನ್‌ಫ್ಲಕ್ಸ್: ಎರಡಕ್ಕೂ ಅರ್ಥ ಒಂದೇನಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬ್ಯಾಂಕ್ ಪರೀಕ್ಷೆಗೆ ಓದುವಾಗ ‘ಇನ್‌ಫ್ಲೋ’ ಅನ್ನುವ ಪದ ಸಿಕ್ಕಿದೆ. ನಿಘಂಟಿನಲ್ಲಿ ‘ಒಳಹರಿವು’ ಅಂತ ಇದೆ. ‘ಇನ್‌ಫ್ಲಕ್ಸ್’ ನೋಡಿದರೆ ಅದಕ್ಕೂ ‘ಒಳಹರಿವು’ ಅಂತಲೇ ಇದೆ. ಹಾಗಾದರೆ ಎರಡೂ ಒಂದೇನಾ, ವಾಕ್ಯದಲ್ಲಿ ಹೇಗೆ ಬಳಸಬೇಕು? ಜೊತೆಗೆ ‘ರೇನ್ ವಾಟರ್ ಇನ್‌ಫ್ಲೋಡ್ ಟು ದ ಟ್ಯಾಂಕ್’ ಅಂತ ಒಂದು ವಾಕ್ಯ ಬರೆದು ಸರೀನಾ ಅಂತಲೂ ಕೇಳಿದ್ದೀರಿ.

ಸರಿಯಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಮೈಸೂರಿನ ಒಂದು ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲವು ವರ್ಷ ಕೂತವನು. ಮಳೆಗಾಲ ಬಂತು ಅಂದರೆ ಅಲ್ಲಿ ಹೊಸಬರಿಗೆ ಒಂದು ಕೆಲಸ ಕಾಯಂ: ಜಲಾಶಯಗಳ ನೀರಿನ ಮಟ್ಟದ ಬಾಕ್ಸ್ ತುಂಬುವುದು. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್, ಕಬಿನಿ, ಹಾರಂಗಿ, ಹೇಮಾವತಿ. ಇಂಗ್ಲಿಷ್‌ನಲ್ಲಿ ಬಂದ ಅಂಕಿಗಳನ್ನು ನೋಡಿ ಕನ್ನಡದ ಬಾಕ್ಸ್‌ಗೆ ಇಳಿಸಬೇಕು, ಅಷ್ಟೇ. ‘ಇನ್‌ಫ್ಲೋ’ ಅನ್ನುವ ಪದದ ಜೊತೆ ನನ್ನ ಸಂಬಂಧ ಶುರುವಾಗಿದ್ದು ಅಲ್ಲಿ, ಅದೂ ಒಂದು ಎಡವಟ್ಟಿನಿಂದ.

ಜುಲೈ ತಿಂಗಳು. ಕೊಡಗಿನಲ್ಲಿ ಜೋರು ಮಳೆ. ಆವತ್ತು ಕೆಆರ್‌ಎಸ್‌ಗೆ ಒಳಹರಿವು 38 ಸಾವಿರ ಕ್ಯೂಸೆಕ್ ಹತ್ತಿರ, ಹೊರಹರಿವು ಮೂರೂವರೆ ಸಾವಿರ. ನಾನು ಎರಡನ್ನೂ ಅದಲುಬದಲು ಮಾಡಿ ಕೂರಿಸಿದೆ. ಪೇಜ್ ಹೋಯಿತು, ಯಾರೂ ನೋಡಲಿಲ್ಲ. ಮರುದಿನ ಡ್ಯೂಟಿಗೆ ಬಂದ ಕೂಡಲೇ ಫೋನ್. ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರು. ಹೊಳೆ ದಂಡೆಯಲ್ಲಿ ಅವರ ಪಂಪ್‌ಸೆಟ್ ಇತ್ತಂತೆ. ಪೇಪರ್‌ನಲ್ಲಿ 38 ಸಾವಿರ ಹೊರಗೆ ಬಿಟ್ಟಿದ್ದಾರೆ ಅಂತ ಓದಿ, ಇಬ್ಬರು ಆಳು ಕರೆದುಕೊಂಡು ಹೋಗಿ ಮೋಟಾರ್ ಬಿಚ್ಚಿ ಮೇಲೆ ತಂದಿದ್ದಾರೆ. ಸಂಜೆತನಕ ಕಾದರೂ ಹೊಳೆ ಏರಲೇ ಇಲ್ಲ. “ನೀರು ಕಟ್ಟೆ ಒಳಕ್ಕೆ ಬರ್ತಾ ಐತೋ ಆಚೆಗೆ ಹೋಯ್ತಾ ಐತೋ, ಅಷ್ಟೂ ಗೊತ್ತಾಗಲ್ವೇನಪ್ಪಾ ನಿಮಗೆ? ಆಳಿನ ಕೂಲಿ ನೀನು ಕೊಡ್ತೀಯಾ?” ಅಂತ ಕೇಳಿದರು. ಮರುದಿನ ಒಂದು ತಿದ್ದುಪಡಿ ಹಾಕಿ ಕೈತೊಳೆದುಕೊಂಡೆವು. ಕೂಲಿ ಮಾತ್ರ ಕೊಡಲಿಲ್ಲ.

ಅವರ ಮಾತಿನಲ್ಲೇ ಈ ಪದದ ಅರ್ಥ ಪೂರ್ತಿ ಇದೆ. ಇನ್‌ಫ್ಲೋ ಅಂದರೆ ಸುಮ್ನೆ ‘ಹರಿವು’ ಅಲ್ಲ. ಒಂದು ಗೋಡೆ ಬೇಕು, ಒಂದು ಒಳಗು ಬೇಕು, ಆ ಒಳಗೆ ನಿಂತು ಲೆಕ್ಕ ಇಡುವವರು ಬೇಕು. ಅಣೆಕಟ್ಟು, ಬ್ಯಾಂಕ್ ಖಾತೆ, ಒಂದು ದೇಶ, ಯಾವುದಾದರೂ ಸರಿ. ಗಡಿ ದಾಟಿ ಒಳಗೆ ಬಂದದ್ದು ಇನ್‌ಫ್ಲೋ. ದಾಟಿ ಹೊರಗೆ ಹೋದದ್ದು ಔಟ್‌ಫ್ಲೋ. ಎರಡೂ ಜೋಡೆತ್ತು, ಒಂದನ್ನು ಬಿಟ್ಟು ಒಂದು ಇರುವುದು ಕಡಿಮೆ.

ಅದಕ್ಕೇ ಒಂದೇ ನೀರಿಗೆ ಎರಡು ಹೆಸರು ಬರುತ್ತದೆ. ಕೆಆರ್‌ಎಸ್‌ನಿಂದ ಬಿಟ್ಟ ನೀರು ನಮಗೆ ಔಟ್‌ಫ್ಲೋ. ಕಬಿನಿಯಿಂದ ಬಿಟ್ಟದ್ದೂ ಔಟ್‌ಫ್ಲೋ. ಎರಡೂ ತಿರುಮಕೂಡಲು ನರಸೀಪುರದಲ್ಲಿ ಸೇರಿ, ಗಡಿಯ ಬಿಳಿಗುಂಡ್ಲುವಿನಲ್ಲಿ ಅಳತೆಯಾಗಿ, ಮುಂದೆ ತಮಿಳುನಾಡಿನ ಮೆಟ್ಟೂರು ಸೇರಿದ ಮೇಲೆ ಅಲ್ಲಿನ ಪೇಪರ್‌ಗಳಲ್ಲಿ ಅದೇ ನೀರು ಇನ್‌ಫ್ಲೋ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕು ಅಂತ ಹೇಳಿದ್ದು ಈ ಬಿಳಿಗುಂಡ್ಲುವಿನ ಲೆಕ್ಕದಲ್ಲೇ. ಒಂದು ಕಡೆಯ ‘ಹೋಯಿತು’ ಇನ್ನೊಂದು ಕಡೆಯ ‘ಬಂತು’. ಜಗಳ ಪೂರ್ತಿ ಇರುವುದು ಅಲ್ಲೇ ಅಲ್ವಾ?

ಲೆಕ್ಕದ ಮಾತು ಬಂತು, ಹೇಳಿಬಿಡುತ್ತೇನೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಹೆಚ್ಚುಕಡಿಮೆ 28 ಲೀಟರ್. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಬಂದರೆ ಒಂದು ಟಿಎಂಸಿ. ನನ್ನ ಎಡವಟ್ಟಿನ ದಿನದ ಅಂಕಿಯನ್ನೇ ತೆಗೆದುಕೊಳ್ಳಿ. 38 ಸಾವಿರದಲ್ಲಿ ಮೂರೂವರೆ ಸಾವಿರ ಕಳೆದರೆ ಮೂವತ್ತನಾಲ್ಕೂವರೆ ಸಾವಿರ. ಅಂದರೆ ದಿನಕ್ಕೆ ಮೂರು ಟಿಎಂಸಿಗೆ ಸ್ವಲ್ಪ ಕಡಿಮೆ. ಹೀಗೆ ಕಳೆದು ಉಳಿದದ್ದಕ್ಕೆ ‘ನೆಟ್ ಇನ್‌ಫ್ಲೋ’ ಅನ್ನುತ್ತಾರೆ. ಈ ಮಾತನ್ನು ನೆನಪಿಡಿ, ನಿಮ್ಮ ಪರೀಕ್ಷೆಗೆ ಬೇಕಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ದಿನ ಗೊತ್ತಿರಲಿಲ್ಲ. ಒಳಹರಿವನ್ನು ಎಲ್ಲೋ ಒಂದು ಮೀಟರ್ ಇಟ್ಟು ಅಳೆಯುತ್ತಾರೆ ಅಂದುಕೊಂಡಿದ್ದೆ. ದೊಡ್ಡ ಜಲಾಶಯಕ್ಕೆ ಹಳ್ಳ, ತೊರೆ, ಹೊಳೆ ಅಂತ ಹತ್ತಾರು ಕಡೆಯಿಂದ ನೀರು ಸೇರುತ್ತದೆ. ಎಲ್ಲದರ ಬಾಯಿಗೂ ಮೀಟರ್ ಇಡೋಕೆ ಆಗಲ್ಲ. ಹಾಗಾಗಿ ಸಾಮಾನ್ಯವಾಗಿ ಹಿಂದಿನಿಂದ ಲೆಕ್ಕ ಹಾಕುತ್ತಾರೆ. ನಿನ್ನೆಗಿಂತ ಇವತ್ತು ಎಷ್ಟು ನೀರು ಜಾಸ್ತಿ ನಿಂತಿದೆ, ಅದಕ್ಕೆ ಹೊರಗೆ ಬಿಟ್ಟದ್ದನ್ನು ಕೂಡಿಸು, ಆವಿಯಾದದ್ದನ್ನೂ ಸೇರಿಸು, ಬಂದ ಮೊತ್ತ ಒಳಹರಿವು. ಸಂಜೆ ಡಬ್ಬಿಯಲ್ಲಿರುವ ಕಾಸು ಎಣಿಸಿ, ಖರ್ಚಾದದ್ದನ್ನು ಕೂಡಿಸಿ ‘ಇವತ್ತು ಇಷ್ಟು ವ್ಯಾಪಾರ ಆಯ್ತು’ ಅಂತ ಅಂಗಡಿಯವರು ಹೇಳುತ್ತಾರಲ್ಲ, ಹಾಗೆಯೇ.

ಹಣದ ವಿಷಯಕ್ಕೂ ಇದೇ ಪದ. ‘ಕ್ಯಾಶ್ ಇನ್‌ಫ್ಲೋ’, ‘ಕ್ಯಾಪಿಟಲ್ ಇನ್‌ಫ್ಲೋ’, ‘ಎಫ್‌ಡಿಐ (ವಿದೇಶಿ ನೇರ ಹೂಡಿಕೆ) ಇನ್‌ಫ್ಲೋ’. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಇನ್‌ಫ್ಲೋ ಅಂದರೆ ಆದಾಯ ಅಲ್ಲ. ನೀವು ಐದು ಲಕ್ಷ ಸಾಲ ತಂದರೆ ಅದೂ ಕ್ಯಾಶ್ ಇನ್‌ಫ್ಲೋ. ಹಳೇ ಬೈಕ್ ಮಾರಿದ ದುಡ್ಡೂ ಇನ್‌ಫ್ಲೋ. ಕಂಪನಿಗಳ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಲ್ಲಿ ವ್ಯವಹಾರದಿಂದ ಬಂದದ್ದು, ಹೂಡಿಕೆಯಿಂದ ಬಂದದ್ದು, ಸಾಲ ಮತ್ತು ಷೇರಿನಿಂದ ಬಂದದ್ದು ಅಂತ ಮೂರು ಭಾಗ ಮಾಡುವುದು ಇದಕ್ಕೇ. ಮಳೆ ನೀರೋ ಮೇಲಿನ ಡ್ಯಾಮ್‌ನವರು ಬಿಟ್ಟ ನೀರೋ, ಕಟ್ಟೆಗೆ ಬಂದರೆ ಒಳಹರಿವು. ಹಾಗೆಯೇ ಗಲ್ಫ್‌ನಲ್ಲಿರುವ ಭಟ್ಕಳದ ಹುಡುಗ ಮನೆಗೆ ಕಳಿಸುವ ದುಡ್ಡು ದೇಶದ ಲೆಕ್ಕದಲ್ಲಿ ‘ರೆಮಿಟೆನ್ಸ್ ಇನ್‌ಫ್ಲೋ’. 2022ರಲ್ಲಿ ಭಾರತಕ್ಕೆ ಹೀಗೆ ಬಂದ ಹಣ 100 ಬಿಲಿಯನ್ ಡಾಲರ್ ದಾಟಿತು.

ಈಗ ಇನ್‌ಫ್ಲಕ್ಸ್.

ಇದಕ್ಕೂ ನನ್ನ ಹತ್ತಿರ ಒಂದು ಮರ್ಯಾದೆ ಹೋದ ಕತೆ ಇದೆ. ದಸರಾ ಸಮಯ. ಏಜೆನ್ಸಿ ಸುದ್ದಿಯಲ್ಲಿ ‘ಇನ್‌ಫ್ಲಕ್ಸ್ ಆಫ್ ಟೂರಿಸ್ಟ್ಸ್’ ಅಂತ ಇತ್ತು. ನಾನು ‘ಮೈಸೂರಿಗೆ ಪ್ರವಾಸಿಗರ ಒಳಹರಿವು ಹೆಚ್ಚಳ’ ಅಂತ ಹೆಡ್‌ಲೈನ್ ಕೊಟ್ಟೆ. ನಮ್ಮ ಮುಖ್ಯ ಉಪಸಂಪಾದಕರು ಕನ್ನಡಕ ಮೇಲೆತ್ತಿ ನೋಡಿದರು. “ಎಷ್ಟು ಕ್ಯೂಸೆಕ್ ಪ್ರವಾಸಿಗರು ಬಂದರಪ್ಪಾ?” ಇಡೀ ಡೆಸ್ಕ್ ನಕ್ಕಿತು. ಆಮೇಲೆ ಅವರೇ ‘ಮೈಸೂರಿಗೆ ಪ್ರವಾಸಿಗರ ಲಗ್ಗೆ’ ಅಂತ ತಿದ್ದಿದರು.

ವ್ಯತ್ಯಾಸ ಇರುವುದು ಇಲ್ಲೇ. ಇನ್‌ಫ್ಲೋ ಅನ್ನುವವರು ಎಣಿಸುತ್ತಿರುತ್ತಾರೆ. ಇನ್‌ಫ್ಲಕ್ಸ್ ಅನ್ನುವವರು ಸಾಮಾನ್ಯವಾಗಿ ಉಸ್ಸಪ್ಪಾ ಅನ್ನುತ್ತಿರುತ್ತಾರೆ. ಒಮ್ಮೆಲೇ, ದೊಡ್ಡ ಸಂಖ್ಯೆಯಲ್ಲಿ, ಇರುವ ವ್ಯವಸ್ಥೆ ತಡೆಯಲಾರದಷ್ಟು ಬಂದಾಗ ಇನ್‌ಫ್ಲಕ್ಸ್. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ‘ರೆಫ್ಯೂಜಿ ಇನ್‌ಫ್ಲಕ್ಸ್’. ಶನಿವಾರ ಭಾನುವಾರ ಮಡಿಕೇರಿಯ ರಾಜಾಸೀಟ್ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗದಿದ್ದರೆ ಅದು ‘ಟೂರಿಸ್ಟ್ ಇನ್‌ಫ್ಲಕ್ಸ್’. ಇನ್‌ಫ್ಲೋ ಮೆಲ್ಲಗೂ ಇರಬಹುದು, ದಿನಾ ಇರಬಹುದು, ಕಡಿಮೆಯೂ ಇರಬಹುದು. ಬೇಸಿಗೆಯಲ್ಲಿ ‘ಒಳಹರಿವು 120 ಕ್ಯೂಸೆಕ್’ ಅಂತ ಎಷ್ಟೋ ಸಲ ಹಾಕಿದ್ದೇನೆ. ನೂರಿಪ್ಪತ್ತು ಕ್ಯೂಸೆಕ್‌ಗೆ ಯಾರೂ ಇನ್‌ಫ್ಲಕ್ಸ್ ಅನ್ನುವುದಿಲ್ಲ. ವಿಜ್ಞಾನದವರು ಮಾತ್ರ ಈ ನಿಯಮಕ್ಕೆ ಸಿಗುವುದಿಲ್ಲ. ಜೀವಕೋಶದೊಳಗೆ ಕ್ಯಾಲ್ಸಿಯಂ ಹೋಗುವುದಕ್ಕೆ ‘ಕ್ಯಾಲ್ಸಿಯಂ ಇನ್‌ಫ್ಲಕ್ಸ್’ ಅಂತಲೇ ಬರೆಯುತ್ತಾರೆ, ಅಳೆದೂ ಬರೆಯುತ್ತಾರೆ.

ಕನ್ನಡದಲ್ಲಿ ಇನ್ನೊಂದು ಮಜಾ ಇದೆ. ‘ಹರಿದು ಬಾ’ ಅನ್ನುವ ಕ್ರಿಯಾಪದವನ್ನು ನಾವು ಯಾವುದಕ್ಕೆ ಬೇಕಾದರೂ ಹಚ್ಚುತ್ತೇವೆ. ಜನ ಹರಿದು ಬಂದರು, ದೇಣಿಗೆ ಹರಿದು ಬಂತು, ಬಂಡವಾಳ ಹರಿದು ಬಂತು. ಆದರೆ ಅದೇ ‘ಒಳಹರಿವು’ ಅಂತ ನಾಮಪದ ಮಾಡಿದ ಕೂಡಲೇ ನೀರು, ಹಣ ಬಿಟ್ಟು ಬೇರೆ ಯಾವುದಕ್ಕೂ ಒಗ್ಗುವುದಿಲ್ಲ. ಜನಕ್ಕೆ ಲಗ್ಗೆ, ದಂಡು, ನೂಕುನುಗ್ಗಲು. ಅಭಿನಂದನೆಗಳಿಗೆ ಮಹಾಪೂರ. ಮಾರುಕಟ್ಟೆಗೆ ಬರುವ ಈರುಳ್ಳಿ, ಟೊಮೆಟೊಗೆ ‘ಆವಕ’. ಎಪಿಎಂಸಿಯಲ್ಲಿ ಹೋಗಿ ‘ಈರುಳ್ಳಿ ಒಳಹರಿವು ಹೇಗಿದೆ’ ಅಂತ ಕೇಳಿ ನೋಡಿ, ನಿಮ್ಮನ್ನು ಒಂಥರಾ ನೋಡುತ್ತಾರೆ. ಇಂಗ್ಲಿಷ್ ಮಾರುಕಟ್ಟೆ ವರದಿಯಲ್ಲೂ ಅದಕ್ಕೆ ‘ಅರೈವಲ್ಸ್’ ಅನ್ನುವುದೇ ರೂಢಿ.

ನನ್ನ ಅಪ್ಪ ಪಾಂಡವಪುರದ ಕಡೆಯವರು, ವ್ಯವಸಾಯಗಾರರು. ನಾನು ಡೆಸ್ಕ್‌ನಲ್ಲಿದ್ದಷ್ಟು ದಿನವೂ ಮಳೆಗಾಲದಲ್ಲಿ ಫೋನ್ ಮಾಡಿ ಮೊದಲು ಕೇಳುತ್ತಿದ್ದದ್ದು “ಕಟ್ಟೆ ಎಷ್ಟಡಿ ಐತ್ಲಾ?” ಅಂತ. ಕಟ್ಟೆ ಅಂದರೆ ಕನ್ನಂಬಾಡಿ, ಅದೇ ಕೆಆರ್‌ಎಸ್, ತುಂಬಿದರೆ 124.80 ಅಡಿ. ಒಳಹರಿವು ಅನ್ನುವ ಪದ ಅವರ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. “ಹೊಸ ನೀರು ಬಂತಾ?” ಅನ್ನುತ್ತಿದ್ದರು. ಹೊಸ ನೀರು ಅಂದರೆ ಮೊದಲ ಮಳೆಗೆ ಕೆಂಪಗೆ, ಕಸಕಡ್ಡಿ ಹೊತ್ತು ಬರುವ ನೀರು. ಊರಿನ ಮಾತಲ್ಲಿ ಕೆರೆಯಿಂದ ಹೊರಗೆ ಹೋಗುವುದಕ್ಕೆ ತೂಬು, ಕೋಡಿ ಅಂತ ಹೆಸರುಂಟು. ಒಳಗೆ ಬರುವುದಕ್ಕೆ ‘ನೀರು ಬಂತು’ ಅಷ್ಟೇ.

ಪದದ ಹುಟ್ಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಇನ್‌ಫ್ಲಕ್ಸ್ ಲ್ಯಾಟಿನ್ ಮೂಲದ್ದು, ‘ಒಳಗೆ ಹರಿ’ ಅನ್ನುವ ಧಾತುವಿನಿಂದ ಬಂದದ್ದು. ಇನ್‌ಫ್ಲುಯೆನ್ಸ್ ಅದರದ್ದೇ ದಾಯಾದಿ. ಹಿಂದೆ ಯುರೋಪಿನಲ್ಲಿ ನಕ್ಷತ್ರಗಳ ಪ್ರಭಾವ ಮನುಷ್ಯರೊಳಗೆ ಹರಿದು ಬರುತ್ತದೆ ಅಂತ ನಂಬಿದ್ದರು. ಅಲ್ಲಿಂದಲೇ ಇಟಲಿಯಲ್ಲಿ ಒಂದು ಜ್ವರಕ್ಕೆ ‘ಇನ್‌ಫ್ಲುಯೆಂಜಾ’ ಅಂತ ಹೆಸರು ಬಿತ್ತು. ಹಾಗಾಗಿ ಫ್ಲೂ ಜ್ವರವೂ ರೀಲ್ಸ್ ಮಾಡುವ ಇನ್‌ಫ್ಲುಯೆನ್ಸರ್‌ಗಳೂ ಒಂದೇ ಮನೆತನ! ಇನ್‌ಫ್ಲೋ ಮಾತ್ರ ಬೇರೆ. ಅದರ ‘ಫ್ಲೋ’ ಹಳೆಯ ಇಂಗ್ಲಿಷ್‌ನ ಸ್ವಂತ ಮಾತು. ಲ್ಯಾಟಿನ್ ಪದದ ಹಾಗೆಯೇ ಕೇಳಿಸಿದರೂ ರಕ್ತಸಂಬಂಧ ಇಲ್ಲ ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಅದಕ್ಕೆ ನಂಟು ಇರುವುದು ಸಂಸ್ಕೃತದ ‘ಪ್ಲು’ ಧಾತುವಿನ ಜೊತೆ, ತೇಲು ಅನ್ನುವ ಅರ್ಥದ್ದು. 2021ರ ಯುಗಾದಿಗೆ ಪ್ಲವ ಸಂವತ್ಸರ ಶುರುವಾಯಿತು, ಗೋಡೆ ಕ್ಯಾಲೆಂಡರ್‌ನಲ್ಲಿ ನೋಡಿರುತ್ತೀರಿ. ಆ ಪ್ಲವವೇ ಈ ಫ್ಲೋಗೆ ದೂರದ ನೆಂಟ.

ಸರಿ, ನಿಮ್ಮ ವಾಕ್ಯ. ಇನ್‌ಫ್ಲೋ ನಾಮಪದ. ಅದನ್ನು ಕ್ರಿಯಾಪದ ಮಾಡಿ ‘ಇನ್‌ಫ್ಲೋಡ್’ ಅನ್ನುವುದು ರೂಢಿಯಲ್ಲಿಲ್ಲ. ಕ್ರಿಯೆ ಬೇಕಾದರೆ ಎರಡು ತುಂಡು ಮಾಡಿ: ‘ರೇನ್ ವಾಟರ್ ಫ್ಲೋಡ್ ಇಂಟು ದ ಟ್ಯಾಂಕ್.’ ನಾಮಪದವೇ ಬೇಕಾದರೆ: ‘ದ ಇನ್‌ಫ್ಲೋ ಇಂಟು ದ ಟ್ಯಾಂಕ್ ರೋಸ್ ಆಫ್ಟರ್ ದ ರೇನ್.’ ಎಲ್ಲಿಗೆ ಅನ್ನುವುದಕ್ಕೆ ‘ಇಂಟು’ ಹಾಕಿದರೆ ತಪ್ಪಾಗುವುದಿಲ್ಲ. ಏನು ಬಂತು ಅನ್ನುವುದಕ್ಕೆ ‘ಆಫ್’: ‘ಇನ್‌ಫ್ಲೋ ಆಫ್ ಫಂಡ್ಸ್’. ಹಣದ ವಿಷಯದಲ್ಲಿ ‘ಇನ್‌ಫ್ಲೋಸ್’ ಅಂತ ಬಹುವಚನವೂ ಧಾರಾಳವಾಗಿ ಬರುತ್ತದೆ. ಇನ್‌ಫ್ಲಕ್ಸ್‌ಗೆ ಮುಂದೆ ‘ಆ್ಯನ್’ ಹಾಕಿ, ‘ಆ್ಯನ್ ಇನ್‌ಫ್ಲಕ್ಸ್ ಆಫ್ ಪೇಷಂಟ್ಸ್’ ಅನ್ನುವ ಹಾಗೆ. ಎರಡನ್ನೂ ಹೇಳುವಾಗ ಒತ್ತು ‘ಇನ್’ ಮೇಲೆ.

ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ತುಂಬಿ ಅಂತ ಬಂದರೆ ಅಕ್ಕಪಕ್ಕ ನೋಡಿ. ಕ್ಯಾಶ್, ನೆಟ್, ಮಂತ್ಲಿ, ಕ್ಯೂಸೆಕ್ ಅಂತ ಇದ್ದರೆ ಇನ್‌ಫ್ಲೋ. ಸಡನ್, ಹ್ಯೂಜ್, ರೆಫ್ಯೂಜೀಸ್, ಟೂರಿಸ್ಟ್ಸ್ ಅಂತ ಇದ್ದರೆ ಇನ್‌ಫ್ಲಕ್ಸ್. ಆಯ್ಕೆಯಲ್ಲಿ ‘ಇನ್‌ಫ್ಲುಯೆಂಟ್’ ಅಂತಲೂ ಒಂದು ಇಟ್ಟು ದಾರಿ ತಪ್ಪಿಸಬಹುದು. ಅದು ಕೊಳಚೆ ನೀರು ಶುದ್ಧ ಮಾಡುವ ಘಟಕದವರ ಮಾತು, ಘಟಕದ ಒಳಗೆ ಬರುವ ಕೊಳಚೆಯೇ ಇನ್‌ಫ್ಲುಯೆಂಟ್.