3 ಟೆಸ್ಲಾ ಎಂಆರ್‌ಐಯಲ್ಲಿ ಬೆನ್ನಿನ ಡಿಸ್ಕ್ ನೋಡುವಾಗ ಅಮ್ಮನ ಮೈ ಬಿಸಿಯಾಯಿತು, ತೊಡೆಯ ಒಳಬದಿ ಇನ್ನೂ ಜಾಸ್ತಿ, ಮೆಷಿನ್ ಸರಿ ಇಲ್ವಾ? ಟೆಸ್ಲಾ ಜಾಸ್ತಿಯಾದಷ್ಟೂ ಚಿತ್ರ ಚೆನ್ನಾಗಿ ಬರುತ್ತದಾ?

ನಾನು ಕಾಸರಗೋಡಿನಲ್ಲಿ ಎಂಆರ್‌ಐ ಟೆಕ್ನೀಷಿಯನ್. "ಮೈಯೆಲ್ಲ ಬಿಸಿ ಆಯ್ತು ಮಗಾ" ಅಂತ ಬದಿಯಡ್ಕ, ಪೆರ್ಲದ ಕಡೆಯಿಂದ ಬರುವ ಅಮ್ಮಂದಿರು ಹೇಳುತ್ತಲೇ ಇರುತ್ತಾರೆ. ಕನ್ನಡ, ತುಳು, ಮಲಯಾಳ, ಯಾವುದರಲ್ಲಿ ಕೇಳಿದರೂ ನನ್ನ ಉತ್ತರ ಒಂದೇ. ಸ್ವಲ್ಪ ಬಿಸಿ ಸಹಜ, ಅಷ್ಟಕ್ಕೇ ಮೆಷಿನ್ ಕೆಟ್ಟಿದೆ ಅನ್ನಬೇಕಾಗಿಲ್ಲ. ಒಂದೇ ಜಾಗ ಸುಡುವ ಹಾಗಾದರೆ ಮಾತ್ರ ನಮ್ಮನ್ನು ಕರೆಯಲು ಕೈಯಲ್ಲಿ ಕೊಟ್ಟ ರಬ್ಬರ್ ಬಲ್ಬನ್ನು ಕೂಡಲೇ ಒತ್ತಬೇಕು.

ಬಿಸಿ ಬರುವುದು ರೇಡಿಯೋ ಅಲೆಯಿಂದ. ಟೆಸ್ಲಾ ಅಂದರೆ ಮೆಷಿನ್ ಒಳಗಿನ ಅಯಸ್ಕಾಂತದ ಬಲದ ಅಳತೆ. 1.5 ಟೆಸ್ಲಾದಲ್ಲಿ ನಾವು ಸುಮಾರು 64 ಮೆಗಾಹರ್ಟ್ಸ್ ಅಲೆ ಕಳಿಸುತ್ತೇವೆ, 3 ಟೆಸ್ಲಾದಲ್ಲಿ ಸುಮಾರು 128. ನಿಮ್ಮ ಕಾರಿನ ಎಫ್‌ಎಂ ಇವೆರಡರ ನಡುವೆ ಎಲ್ಲೋ ಬರುತ್ತದೆ. ನಮ್ಮ ಮೈಯಲ್ಲಿರುವುದು ಉಪ್ಪುನೀರು ಅಲ್ವಾ? ಅಲೆ ತಾಗಿದಾಗ ಅದರಲ್ಲಿ ಸಣ್ಣಗೆ ಕರೆಂಟ್ ಹರಿದು ಬಿಸಿಯಾಗುತ್ತದೆ. ಟೆಸ್ಲಾ ಎರಡು ಪಟ್ಟಾದರೆ ಅದೇ ಪಲ್ಸಿಗೆ (ಒಂದು ಸಲ ಕಳಿಸುವ ಅಲೆಯ ತುಣುಕಿಗೆ) ಬಿಸಿ ಸುಮಾರು ನಾಲ್ಕು ಪಟ್ಟು.

ಇದಕ್ಕೆ ಅಂತರರಾಷ್ಟ್ರೀಯ ಮಿತಿ ಇದೆ. ಇಡೀ ಮೈಗೆ ಸಾಮಾನ್ಯವಾಗಿ ಕೆಜಿಗೆ 2 ವ್ಯಾಟ್, ವೈದ್ಯಕೀಯ ನಿಗಾ ಇದ್ದರೆ 4, ತಲೆಗೆ 3.2. ಸುಮ್ಮನೆ ಮಲಗಿದ್ದರೂ ದೇಹ ತಾನೇ ಕೆಜಿಗೆ ಒಂದು ವ್ಯಾಟ್‌ನಷ್ಟು ಬಿಸಿ ಹುಟ್ಟಿಸುತ್ತದೆ, ಅದರ ಮೇಲೆ ಇದು. ಮೊದಲೇ ತೂಕ ಕೇಳುವುದು ಈ ಲೆಕ್ಕಕ್ಕೇ, ದಯವಿಟ್ಟು ಸರಿಯಾಗಿ ಹೇಳಿ.

ಇನ್ನು ಚಿತ್ರದ ವಿಷಯ. ಮೈಯ ನೀರಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳು ಪುಟ್ಟ ಅಯಸ್ಕಾಂತಗಳ ಹಾಗೆ. ಕೆಲವು ಮೆಷಿನ್ನಿನ ಅಯಸ್ಕಾಂತದ ದಿಕ್ಕಿಗೆ, ಕೆಲವು ಎದುರು ದಿಕ್ಕಿಗೆ ನಿಂತು ಒಂದನ್ನೊಂದು ರದ್ದು ಮಾಡುತ್ತವೆ, ಹೆಚ್ಚಾಗಿ ಉಳಿದವುಗಳಿಂದ ಮಾತ್ರ ಚಿತ್ರಕ್ಕೆ ಬೇಕಾದ ಸಿಗ್ನಲ್ ಬರುತ್ತದೆ. 1.5 ಟೆಸ್ಲಾದಲ್ಲಿ ಹತ್ತು ಲಕ್ಷ ಪ್ರೋಟಾನ್‌ಗಳಲ್ಲಿ ಸಿಗ್ನಲ್‌ಗೆ ಸಿಗುವ ಹೆಚ್ಚುವರಿ ಪ್ರೋಟಾನ್‌ಗಳು ಬರೀ ಐದರಷ್ಟು! 3 ಟೆಸ್ಲಾದಲ್ಲಿ ಹತ್ತರಷ್ಟು. ಸಿಗ್ನಲ್ ಇಷ್ಟು ಸಣ್ಣದಿರುವಾಗ ನಾಯ್ಸ್ (ಕಿವಿಗೆ ಕೇಳುವ ಸದ್ದಲ್ಲ, ಚಿತ್ರ ಕೆಡಿಸುವ ಬೇಡದ ವಿದ್ಯುತ್ ಗೊಂದಲ) ಎಲ್ಲಿಂದ ಬರುತ್ತದೆ ಅನ್ನುವುದೇ ಮುಖ್ಯ. ಎಲ್ಲರೂ ಮೆಷಿನ್ ಕಡೆ ಬೆರಳು ತೋರಿಸುತ್ತಾರೆ. ನಿಜವಾಗಿ ಹೆಚ್ಚಿನ ಪಾಲು ಮಲಗಿದವರ ಮೈಯಿಂದಲೇ ಬರುತ್ತದೆ. 37 ಡಿಗ್ರಿಯ ಉಪ್ಪುನೀರಿನಲ್ಲಿ ಅಯಾನುಗಳು ಸದಾ ಅಲ್ಲಾಡುತ್ತಿರುತ್ತವೆ, ಸಿಗ್ನಲ್ ಹಿಡಿಯಲು ಮೈ ಹತ್ತಿರ ಇಡುವ ಆಂಟೆನಾ, ಅಂದರೆ ಕಾಯಿಲ್, ಅದನ್ನೂ ಕೇಳಿಸಿಕೊಳ್ಳುತ್ತದೆ. ಅಲೆ ಯಾವ ದಾರಿಯಲ್ಲಿ ಮೈಗೆ ಹೋಗಿ ಬಿಸಿ ಮಾಡುತ್ತದೋ, ನಾಯ್ಸ್ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ.

ಆದ್ದರಿಂದ ಕಾಯಿಲ್‌ನ ಸ್ವಂತ ನಾಯ್ಸ್ ತಗ್ಗಿಸಲು ಅದನ್ನು ಎಷ್ಟು ತಣ್ಣಗೆ ಮಾಡಿದರೂ ಹೊಟ್ಟೆ, ಬೆನ್ನಿನ ಸ್ಕ್ಯಾನಿಗೆ ದೊಡ್ಡ ಲಾಭವಿಲ್ಲ. 1998ರಲ್ಲಿ ಓಜಾಲಿ ಮತ್ತು ಅಟಾಲಾರ್ ಎಂಬ ಇಬ್ಬರು ಸಂಶೋಧಕರು ಇದನ್ನು ಲೆಕ್ಕ ಹಾಕಿದರು. ಯಾವ ಆಕಾರದ ಕಾಯಿಲ್ ಬೇಕಾದರೂ ಇರಲಿ, ಅದರಲ್ಲಿ ನಷ್ಟವೇ ಇಲ್ಲ ಅಂದುಕೊಳ್ಳಿ. ಆಗಲೂ ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ ಒಂದು ಮಿತಿ ದಾಟುವುದಿಲ್ಲ. ಆ ಮಿತಿ ಹಾಕುವುದು ವಿದ್ಯುತ್ ಮತ್ತು ಕಾಂತ ಅಲೆಗಳ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳು ಮತ್ತು ನಿಮ್ಮ ದೇಹ. ನನಗೆ ಇದು ಈ ಕೆಲಸದ ಅತಿ ಚಂದದ ಸಂಗತಿ. ಮೆದುಳಿನ ನಡುಭಾಗದಲ್ಲಿ ಈಗಿನ 32 ಚಾನೆಲ್ (ಅಂದರೆ 32 ಪುಟ್ಟ ಆಂಟೆನಾ ಇರುವ) ಕಾಯಿಲ್‌ಗಳು ಆ ಮಿತಿಯ ಹತ್ತಿರಕ್ಕೇ ಬಂದುಬಿಟ್ಟಿವೆ.

ಉಳಿದ ದಾರಿಗಳೂ ಸಲೀಸಲ್ಲ. ಸಮಯ ಹೆಚ್ಚಿಸಿ ಅನುಪಾತ ಎರಡು ಪಟ್ಟು ಮಾಡಲು ನಾಲ್ಕು ಪಟ್ಟು ಹೊತ್ತು ಬೇಕು. 5 ನಿಮಿಷದ ಕೆಲಸಕ್ಕೆ 20 ನಿಮಿಷ ಅಲ್ಲಾಡದೆ ಮಲಗುವವರು ಯಾರು? ಟೆಸ್ಲಾ ಹೆಚ್ಚಿಸಬಹುದು. ಅಮೆರಿಕದಲ್ಲಿ ರೋಗಿಗಳಿಗೆ 7 ಟೆಸ್ಲಾ ಬಳಸಲು 2017ರಲ್ಲಿ ಒಪ್ಪಿಗೆ ಸಿಕ್ಕಿತು. ಫ್ರಾನ್ಸಿನ ಸಕ್ಲೆಯಲ್ಲಿ 11.7 ಟೆಸ್ಲಾದಲ್ಲಿ ತೆಗೆದ ಮೆದುಳಿನ ಚಿತ್ರಗಳು 2024ರಲ್ಲಿ ಹೊರಬಂದವು. ಆದರೆ 7 ಟೆಸ್ಲಾದಲ್ಲಿ ಮೈಯೊಳಗೆ ಅಲೆಯ ಉದ್ದ ಸುಮಾರು 12 ಸೆಂ.ಮೀ. ಮಾತ್ರ, ಅಂದರೆ ತಲೆಗಿಂತ ಚಿಕ್ಕದು. ಅಲೆಗಳು ಒಳಗೇ ಒಂದರ ಮೇಲೊಂದು ಬಿದ್ದು ಕೆಲವು ಕಡೆ ಚಿತ್ರ ಕಪ್ಪಾಗುತ್ತದೆ, ಕೆಲವು ಕಡೆ ಬಿಸಿ ಜಾಸ್ತಿಯಾಗುತ್ತದೆ. ಹಲವು ಟ್ರಾನ್ಸ್‌ಮಿಟರ್ ಇಟ್ಟು ಹೊಂದಿಸಬಹುದು, ಆದರೂ ಬಿಸಿಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾಗದು.

ಅಮ್ಮನ ಬೆನ್ನಿನ ಡಿಸ್ಕ್ ನೋಡಲು 1.5 ಟೆಸ್ಲಾ ಧಾರಾಳ ಸಾಕು. ತೊಡೆಯ ಒಳಬದಿ ಜಾಸ್ತಿ ಬಿಸಿ ಅನ್ನಿಸಿತು ಅಂತ ಬರೆದಿದ್ದೀರಿ. ಚರ್ಮಕ್ಕೆ ಚರ್ಮ ತಾಗಿದರೆ ಕರೆಂಟ್ ಸುತ್ತು ಹೊಡೆಯಲು ದಾರಿಯಾಗುತ್ತದೆ. ಮುಂದಿನ ಸಲ ತೊಡೆಗಳ ನಡುವೆ ಒಣ ಬಟ್ಟೆ ಇಡಲು ಹೇಳಿ. ಕೈಬೆರಳು ಹೆಣೆದುಕೊಳ್ಳುವುದು ಬೇಡ, ಜರಿ ಇರುವ ಬಟ್ಟೆಯೂ ಬೇಡ. ಈಗ ಅಲ್ಲಿ ಕೆಂಪಾಗಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿದಲ್ಲಿಗೂ ತಿಳಿಸಿ.