ವ್ಯಾಪಾರ ನೆಲಕಚ್ಚಿದೆ, ಇದು ದೇವರ ಶಿಕ್ಷೆಯೇ? ಮೊದಲು ಯಾರ ಬಾಕಿ ತೀರಿಸಲಿ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹುಬ್ಬಳ್ಳಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಘಟಕ, ಆರು ಜನ ಕೆಲಸಗಾರರು. ಎರಡು ಶಾಲೆಗಳಿಂದ 3,40,000 ರೂಪಾಯಿ ಬರಬೇಕು. ಬಟ್ಟೆ ವ್ಯಾಪಾರಿಗೆ 2,10,000 ಕೊಡಬೇಕು. ಬ್ಯಾಂಕಿನ ಎರಡು ಕಂತು ತಪ್ಪಿವೆ, ಒಂದು ತಿಂಗಳ ಸಂಬಳ ಬಾಕಿ, ಇದರ ಮೇಲೆ ನೂರಕ್ಕೆ 5ರಂತೆ 1 ಲಕ್ಷ ಕೈಸಾಲ. ದಶಮಾಂಶ (ಆದಾಯದ ಹತ್ತನೇ ಒಂದು ಪಾಲನ್ನು ದೇವರಿಗೆಂದು ಕೊಡುವುದು) ತಪ್ಪಿಸಿದ್ದಕ್ಕೇ ಹೀಗಾಯಿತು, 25,000 'ಬೀಜದ ಕಾಣಿಕೆ' (ಹಲವು ಪಟ್ಟಾಗಿ ಮರಳುತ್ತದೆಂದು ನಂಬಿ ಕೊಡುವ ಹಣ) ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹೇಳಿದ್ದಾರೆ.

ಸಹೋದರರೇ, ಆ 25,000 ಕೊಡಬೇಡಿ. ಅದರಲ್ಲಿ ಆರು ಜನರ ಕೂಲಿ ಇದೆ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡ 24:15 ಹೇಳುತ್ತದೆ. ದಶಮಾಂಶಕ್ಕೆ ಎಲ್ಲರೂ ಎತ್ತಿ ಹೇಳುವ ಮಲಾಕಿಯ 3:10ಕ್ಕಿಂತ ಐದು ವಚನ ಮೇಲೆ ಓದಿ: ಕೂಲಿಯವನಿಗೆ ಕೂಲಿಯಲ್ಲಿ ಅನ್ಯಾಯ ಮಾಡುವವರ ವಿರುದ್ಧ ದೇವರು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ. ಕಾಣಿಕೆಗೆ ಅಪೊಸ್ತಲ ಪೌಲ ಇಟ್ಟ ಅಳತೆ 2 ಕೊರಿಂಥ 8:12ರಲ್ಲಿದೆ, ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು. ಸಾಲ ತಂದು ಕೊಡಿ ಎಂದು ಅವನು ಎಲ್ಲಿಯೂ ಕೇಳಿಲ್ಲ.

ಶಿಕ್ಷೆಯ ಮಾತಿಗೆ ಬಂದರೆ, ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸು ಲೂಕ 13ರಲ್ಲಿ ಅಲ್ಲಗಳೆದನು. ಯೆಹೂದ್ಯ ದಂಪತಿ ಅಕ್ವಿಲ, ಪ್ರಿಸ್ಕಿಲ್ಲರನ್ನು ನೋಡಿ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರೆಲ್ಲ ರೋಮ್ ಬಿಡಬೇಕೆಂದು ಆಜ್ಞೆ ಮಾಡಿದ್ದರಿಂದ ಈ ದಂಪತಿ ನೆಲೆ ಕಿತ್ತುಕೊಂಡು ಕೊರಿಂಥಕ್ಕೆ ಬಂದರು, ಅಲ್ಲಿ ಗುಡಾರ ಮಾಡುವ ಅದೇ ಕಸುಬಿನಲ್ಲಿ ಪೌಲನೂ ಅವರೊಂದಿಗೆ ಕೈಜೋಡಿಸಿದ. ಅವರ ಪಾಪದಿಂದ ಹೀಗಾಯಿತು ಎಂಬ ಒಂದು ಮಾತೂ ಅಪೊಸ್ತಲರ ಕೃತ್ಯಗಳಲ್ಲಿ ಇಲ್ಲ. ನಿಮ್ಮಲ್ಲಿ ಆಗಿರುವುದಕ್ಕೆ ಕಾರಣ ಲೆಕ್ಕದಲ್ಲೇ ಕಾಣುತ್ತದೆ: ಏಪ್ರಿಲ್‌ನಲ್ಲಿ ಉದ್ರಿಗೆ ಬಟ್ಟೆ ತಂದಿರಿ, ಜೂನ್‌ನಲ್ಲಿ ಸಮವಸ್ತ್ರ ಕೊಟ್ಟಿರಿ, ಶಾಲೆಗಳು ಫೀ ವಸೂಲಾಗಲಿ ಎಂದು ಕಾಯುತ್ತಿವೆ. ನಡುವಿನ ತಿಂಗಳುಗಳ ಖರ್ಚಿಗೆ ನಿಮ್ಮ ಬಳಿ ಬಂಡವಾಳ ಇರಲಿಲ್ಲ.

ಇಂದು ರಾತ್ರಿ ಮನೆಯವರ ಜೊತೆ ಪ್ರಾರ್ಥಿಸಿ, ನಂತರ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಮುಂದಿನ 13 ವಾರ ಬರೆಯಿರಿ. ಯಾವ ವಾರ ಎಷ್ಟು ಖಚಿತವಾಗಿ ಬರುತ್ತದೆ, ಎಷ್ಟು ಹೋಗಲೇಬೇಕು. 'ಬರಬಹುದು' ಎನ್ನುವ ಹಣ ಈ ಹಾಳೆಯಲ್ಲಿ ಬೇಡ. ಹೆಚ್ಚಿನವರು ಎಡವುವುದು ಇಲ್ಲೇ, ವಿಶ್ವಾಸದ ಹೆಸರಿನಲ್ಲಿ ಆಸೆಯನ್ನು ಜಮೆಗೆ ಬರೆಯುತ್ತಾರೆ.

ಕೈಗೆ ಬಂದ ಮೊದಲ ಹಣ ಸಂಬಳಕ್ಕೆ ಹೋಗಲಿ. ಪೂರ್ತಿ ಇಲ್ಲದಿದ್ದರೆ ಆರು ಜನರಿಗೂ ಸಮನಾಗಿ ಅರ್ಧ ಕೊಟ್ಟು, ಉಳಿದದ್ದಕ್ಕೆ ತಾರೀಖು ಹೇಳಿ.

ಬ್ಯಾಂಕಿಗೆ ಈ ವಾರವೇ ಹೋಗಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್ ಕೈ ಕಟ್ಟಿಹೋಗುತ್ತದೆ. ಸಂಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ಒಂದು ಚೌಕಟ್ಟು ಕೊಟ್ಟಿದೆ, ಸಾಲಗಾರರೇ ಅದಕ್ಕೆ ಅರ್ಜಿ ಹಾಕಬಹುದು. 12 ತಿಂಗಳ ಸ್ಟೇಟ್‌ಮೆಂಟ್, ಶಾಲೆಗಳ ಬಾಕಿ ಬಿಲ್ಲುಗಳು, ದಾಸ್ತಾನಿನ ಪಟ್ಟಿ, ಆ 13 ವಾರದ ಹಾಳೆ ಒಯ್ದು, ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು ಬರಹದಲ್ಲೇ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಂತು ಕಟ್ಟಲು ಮೊಬೈಲ್ ಆ್ಯಪ್‌ನಲ್ಲಿ ಹೊಸ ಸಾಲ ಎತ್ತಬೇಡಿ.

ಕೈಸಾಲದ ಬಡ್ಡಿ ತಿಂಗಳಿಗೆ 5,000, ವರ್ಷಕ್ಕೆ 60,000. ಮನೆಯಲ್ಲಿ ಚಿನ್ನವಿದ್ದರೆ, ಎಲ್ಲರೂ ಒಪ್ಪಿದರೆ, ಬ್ಯಾಂಕಿನಲ್ಲಿ ಅಡವಿಟ್ಟು ಇದೊಂದನ್ನು ಮುಗಿಸಿ. ದಿನದ ನಷ್ಟ ತುಂಬಲು ಚಿನ್ನ ಇಟ್ಟರೆ ಚಿನ್ನವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ.

ಬಟ್ಟೆ ವ್ಯಾಪಾರಿಯ ಫೋನ್ ತಪ್ಪಿಸಬೇಡಿ, ನೀವೇ ಅಂಗಡಿಗೆ ಹೋಗಿ. ಕತ್ತರಿಸದ ಥಾನುಗಳಲ್ಲಿ ಬಿಳಿ, ಬೂದು, ಕಡುನೀಲಿಯಂಥವನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿ, ಅವು ಬೇರೆಯವರಿಗೂ ಮಾರಾಟವಾಗುತ್ತವೆ. ಒಂದೇ ಶಾಲೆಗೆ ನೇಯಿಸಿದ ಚೌಕಳಿ ಬಟ್ಟೆ ವಾಪಸಾಗುವುದು ಕಷ್ಟ. ಸಮಾಧಾನಪಡಿಸಲು ಮುಂದಿನ ತಾರೀಖಿನ ಚೆಕ್ ಮಾತ್ರ ಬರೆಯಬೇಡಿ. ಅದು ಬೌನ್ಸ್ ಆಗಿ, ನೋಟಿಸ್ ಮುಟ್ಟಿದ 15 ದಿನದಲ್ಲಿ ಕಟ್ಟದಿದ್ದರೆ, ಬರೀ ಬಾಕಿಯಾಗಿದ್ದದ್ದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. 'ಹೌದು ಎಂದರೆ ಹೌದು' ಎಂಬ ಮತ್ತಾಯ 5:37ರ ಮಾತು ಚೆಕ್ಕಿಗೂ ಸಲ್ಲುತ್ತದೆ.

ಇನ್ನು ನಿಮಗೆ ಬರಬೇಕಾದ ಹಣ. ಅದನ್ನು ಕೇಳುವುದು ವಿಶ್ವಾಸಿಗೆ ತಕ್ಕದ್ದಲ್ಲ ಎಂದು ಹಿಂಜರಿಯಬೇಡಿ, ಅದು ನಿಮ್ಮ ಕೆಲಸಗಾರರ ಹಣ. ಬಿಲ್, ಸರಕು ಮುಟ್ಟಿದ ಸಹಿ, ಬಾಕಿ ಮೊತ್ತ ಬರೆದ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸರಕು ಕೊಡುವ ಮೊದಲೇ ಸರ್ಕಾರದ 'ಉದ್ಯಮ್' ಪೋರ್ಟಲ್‌ನಲ್ಲಿ ನಿಮ್ಮ ಘಟಕದ ನೋಂದಣಿ ಆಗಿದ್ದರೆ, ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿದೆ: ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಗೆ 45 ದಿನದ ಮೇಲೆ ಗಡುವಿಲ್ಲ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಆಗಿಲ್ಲದಿದ್ದರೆ ಈಗಲೇ ಮಾಡಿಸಿ, ಶುಲ್ಕವಿಲ್ಲ, ಮುಂದಿನ ಸೀಸನ್‌ಗಾದರೂ ಬೇಕು. ಆಗ ಅರ್ಧ ಮುಂಗಡ ಬಾರದೆ ಬಟ್ಟೆಗೆ ಕತ್ತರಿ ಹಾಕಬೇಡಿ.

ಸಭೆಯಲ್ಲಿ ಹೇಳಲೇ ಎಂದೂ ಕೇಳಿದ್ದೀರಿ. 2 ಅರಸುಗಳು 4ರ ವಿಧವೆ ಸಾಲದ ಸಂಗತಿಯನ್ನು ಪ್ರವಾದಿ ಎಲೀಷನ ಮುಂದೆ ಮುಚ್ಚಿಡಲಿಲ್ಲ, ನೆರೆಯವರ ಮನೆಗಳಿಂದ ಬರಿದಾದ ಪಾತ್ರೆಗಳನ್ನೂ ಕೇಳಿ ತಂದಳು. ಎಣ್ಣೆ ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಿಂದ ಬದುಕು ಎಂಬುದು ಅವಳಿಗೆ ಸಿಕ್ಕ ಮಾತು. ನೀವೂ ವೇದಿಕೆಯ ಮೇಲೆ ಸಾಕ್ಷಿ ಹೇಳುವ ಅಗತ್ಯವಿಲ್ಲ. ಪಾಸ್ಟರ್ ಮತ್ತು ಲೆಕ್ಕ ಬಲ್ಲ ಒಬ್ಬ ಹಿರಿಯರು, ಇಬ್ಬರಿಗೆ ಆ ಹಾಳೆ ತೋರಿಸಿ. ಯಾರನ್ನೂ ಜಾಮೀನಿಗೆ ಎಳೆಯಬೇಡಿ, ಜ್ಞಾನೋಕ್ತಿ 6 ಅದನ್ನು ಬಲೆ ಎನ್ನುತ್ತದೆ. ಹಣದ ಬದಲು ಕೆಲಸ ಕೇಳಿ: ಗಾಯನ ಮಂಡಳಿಯ ಉಡುಪು, ಆಸ್ಪತ್ರೆಯ ಹೊದಿಕೆ, ಹಾಸ್ಟೆಲಿನ ಪರದೆ. ಯಂತ್ರಗಳು ನಿಂತಿರುವ ಈ ತಿಂಗಳುಗಳಲ್ಲಿ ಕೂಲಿ ಹುಟ್ಟುವಷ್ಟು ಹೊಲಿಗೆ ಸಿಕ್ಕರೂ ಕೆಲಸಗಾರರು ಚದುರಿಹೋಗುವುದಿಲ್ಲ.

ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸಿದರೆ ಅಂದೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ಸಾಯಲು ಬಯಸಿ ಮರದಡಿ ಮಲಗಿದ ಪ್ರವಾದಿ ಎಲೀಯನನ್ನು ದೇವರು ಗದರಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು.