ಡೌನ್ ಸಿಂಡ್ರೋಮ್ ಇರಬಹುದೆಂದ ಕೂಸನ್ನು ದತ್ತು ಕೊಡಬಹುದೇ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಹಳ್ಳಿ. ಹೆಣ್ಣು ಕೂಸು ಹುಟ್ಟಿ ಹನ್ನೆರಡು ದಿನ ಆತು. ಮುಖ ನೋಡಿ ಡೌನ್ ಸಿಂಡ್ರೋಮ್ ಇರಬಹುದು ಅಂತ ಡಾಕ್ಟರ್ ಹೇಳ್ಯಾರ. ಕೂಸು ಸರಿಯಾಗಿ ಮೊಲಿ ಚೀಪೂದಿಲ್ಲ. ನಮ್ಮತ್ತಿ 'ದವಾಖಾನ್ಯಾಗ ಬಿಟ್ಟು ಬರ್ರಿ, ಊರಾಗ ತೀರಿಕೊಂತು ಅಂತ ಹೇಳೂಣು' ಅಂತಾರ. ಪರಿಚಯದವರೊಬ್ಬರು ಬಾಂಡ್ ಪೇಪರ್ ಮ್ಯಾಲೆ ಬರದುಕೊಟ್ರ ಮಕ್ಕಳಿಲ್ಲದವರಿಗೆ ಕೊಡಸ್ತೀನಿ ಅಂತಾರ. ಹಂಗ ಕೊಟ್ರ ಕೇಸ್ ಆಗ್ತದೇನು?

ಉತ್ತರ: ಮೊದಲು ಹಾಲಿನ ಮಾತು, ಅದು ಇವತ್ತೇ ಆಗಬೇಕು. ಈ ಕೂಸುಗಳ ಮೈ ಸಡಿಲ, ಬಾಯಿಗೂ ಬಿಗಿ ಸಾಲದು. ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತವೆ. ತೊಳೆದು ನೀರಲ್ಲಿ ಕುದಿಸಿದ ಬಟ್ಟಲಿಗೆ ಎದೆಹಾಲನ್ನು ಹಿಂಡಿಕೊಳ್ಳಿ. ಕೂಸಿನ ತಲೆ ಎತ್ತರಕ್ಕಿರಲಿ. ಒಳಲೆಯ (ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲಿನ) ತುದಿಯನ್ನು ಕೆಳತುಟಿಯ ಮೇಲಿಟ್ಟು ಸ್ವಲ್ಪ ಬಾಗಿಸಿ, ನುಂಗಿತೋ ನೋಡಿ, ಆಮೇಲೆ ಇನ್ನಷ್ಟು. ಒಮ್ಮೆಲೇ ಸುರಿದರೆ ಹಾಲು ನೆತ್ತಿಗೇರುತ್ತದೆ. ಎರಡು ತಾಸಿಗೊಮ್ಮೆ ಎಬ್ಬಿಸಿಯಾದರೂ ಕೊಡಿ. ದಿನಕ್ಕೆ ಆರು ಸಲ ಉಚ್ಚೆ ಹೋದರೆ ಹಾಲು ಸಾಲುತ್ತಿದೆ ಎಂದರ್ಥ. ಕುಡಿಯುವಾಗ ಏದುಸಿರು, ಹಣೆಯಲ್ಲಿ ಬೆವರು, ತುಟಿ ನೀಲಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ.

ಮುಖ ನೋಡಿದ್ದು ಅನುಮಾನವಷ್ಟೇ. ಕ್ಯಾರಿಯೋಟೈಪ್ ಎಂಬ ರಕ್ತಪರೀಕ್ಷೆಯಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಕಂಡರೆ ಮಾತ್ರ ಖಚಿತ. ಜೊತೆಗೆ ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್, ಕಿವಿಯ ಪರೀಕ್ಷೆ ಆಗಲಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (ಆರ್‌ಬಿಎಸ್‌ಕೆ) ಈ ಮಕ್ಕಳ ತಪಾಸಣೆ, ಚಿಕಿತ್ಸೆ ಉಚಿತ. ನಿಮ್ಮೂರ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ. ನೀವು ತಿಂದದ್ದರಿಂದಲೋ ಗ್ರಹಣದಿಂದಲೋ ಹೀಗಾಗಿಲ್ಲ. ಈ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ, ಆದರೆ ನಡೆಯುತ್ತಾರೆ, ಮಾತಾಡುತ್ತಾರೆ, ಶಾಲೆಗೆ ಹೋಗುತ್ತಾರೆ. ಇದನ್ನು ತಿಳಿದ ಮೇಲೆ ನಿರ್ಧಾರಕ್ಕೆ ಬನ್ನಿ.

ಈಗ ಕಾನೂನು. ಸಾಕಲಾಗದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವುದು ಅಪರಾಧವಲ್ಲ. ಬಿಟ್ಟು ಓಡುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 93ನೇ ಕಲಮಿನಲ್ಲಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಸತ್ತಿತೆಂದು ಹೇಳಿದರೂ ತಾಯಿ ಕಾರ್ಡು, ಹೆರಿಗೆ ದಾಖಲೆ ಬೇರೆಯೇ ಹೇಳುತ್ತವೆ. ಮಧ್ಯವರ್ತಿಯ ಬಾಂಡ್ ಪೇಪರಿನಿಂದ ದತ್ತು ಆಗುವುದಿಲ್ಲ. ಅಲ್ಲಿ ದುಡ್ಡು ಕೈ ಬದಲಾದರೆ ಅದು ಮಗು ಮಾರಾಟ: 5 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿ ದಂಡ. ಕೂಸು ಯಾರ ಕೈಗೆ ಹೋಯಿತು ಎಂಬುದೂ ಯಾರಿಗೂ ಗೊತ್ತಾಗದು. ಆ ಮನುಷ್ಯನನ್ನು ದೂರವಿಡಿ.

ಸರಿಯಾದ ದಾರಿ 2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಮಿನಲ್ಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಅವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯುತ್ತಾರೆ. ಕೂಸು, ಗಂಡ, ಹೆಂಡತಿ ಮೂವರೂ ಇರಬೇಕು. ಇಬ್ಬರ ಆಧಾರ್, ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಜನನ ಪತ್ರ ಜೊತೆಗಿರಲಿ. ಸಮಿತಿ ವಿಚಾರಿಸಿ, ಆಪ್ತಸಮಾಲೋಚನೆ ಮಾಡಿಸಿ, ಆಮೇಲೆ ಪತ್ರಕ್ಕೆ ಸಹಿ ಹಾಕಿಸುತ್ತದೆ. ಗಂಡನಿಗೆ ತಿಳಿಸದೆ ಒಬ್ಬರೇ ಹೋದರೆ ಕೆಲಸ ಕೆಡುವುದು ಇಲ್ಲಿಯೇ. ಅತ್ತೆಯ ಸಹಿಗೆ ಬೆಲೆಯಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಏನೂ ನಡೆಯದು. ನಿಮ್ಮ ಹೆಸರು ಗುಟ್ಟಾಗಿರುತ್ತದೆ.

ಸಹಿಯಾದ ಮೇಲೂ ಎರಡು ತಿಂಗಳು ನಿಮ್ಮದು. ಅಷ್ಟರೊಳಗೆ ಮನಸ್ಸು ಬದಲಾದರೆ ಕೂಸನ್ನು ವಾಪಸ್ ಕೇಳಬಹುದು. ದಾಟಿದರೆ ಸಮಿತಿ ಕೂಸನ್ನು ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ, ಆಮೇಲೆ ನಿಮಗೆ ಹಕ್ಕಿಲ್ಲ. ವಿಶೇಷ ಅಗತ್ಯದ ಮಕ್ಕಳನ್ನು ಹೊರದೇಶದ ಕುಟುಂಬಗಳೂ ದತ್ತು ಪಡೆಯುತ್ತವೆ, ಆದರೆ ಮನೆ ಸಿಗುವುದು ತಡವಾದೀತು. ಅಲ್ಲಿಯವರೆಗೆ ಕೂಸು ವಿಶೇಷ ದತ್ತು ಸಂಸ್ಥೆಯಲ್ಲಿರುತ್ತದೆ.

ಪರೀಕ್ಷೆಯ ಫಲಿತಾಂಶ ಬರುವ ಮೊದಲು ಸಹಿ ಹಾಕಬೇಡಿ ಎಂಬುದು ನನ್ನ ಖಂಡಿತ ಸಲಹೆ. ಬಾಣಂತನದ ಹಸಿ ಮೈಯಲ್ಲಿ, ಮನೆಯವರ ಒತ್ತಡದಲ್ಲಿ ಕೊಟ್ಟ ಮಾತಿಗೆ ಆಮೇಲೆ ಮನಸ್ಸು ಒಪ್ಪದೆ ಹೋಗಬಹುದು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಬರದಿದ್ದರೆ ಹೆರಿಗೆ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧವಿದೆ. ಬಡತನವೇ ಮುಖ್ಯ ಕಾರಣವಾದರೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಕೊನೆಗೆ ಒಪ್ಪಿಸುವುದೇ ಆದರೆ ಎಲ್ಲ ವರದಿಗಳನ್ನೂ ಕೂಸಿನ ಜೊತೆ ಕೊಡಿ. ಯಾವ ಒಳಲೆಯಲ್ಲಿ, ಎಷ್ಟು ಹೊತ್ತಿಗೊಮ್ಮೆ, ಯಾವ ಮಗ್ಗುಲಲ್ಲಿ ಹಿಡಿದರೆ ಹಾಲು ಕುಡಿಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಅಲ್ಲಿಯ ದಾದಿಗೆ ಮೊದಲ ರಾತ್ರಿ ಬೇಕಾಗುವುದು ಅದೇ.